ಬೀಪ್ ಎಲ್ಲರಿಗೂ ಒಂದೇ: ಮುಖ್ಯ ಚುನಾವಣಾ ಆಯುಕ್ತರಿಗೆ ಒಂದು ಬಹಿರಂಗ ಪತ್ರ

ಮುಖ್ಯ ಚುನಾವಣಾ ಆಯುಕ್ತರಿಗೆ ನಮಸ್ಕಾರ.

ನಾನು ತುಮಕೂರಿನವನು. ನನಗೆ ಕಣ್ಣು ಕಾಣುವುದಿಲ್ಲ. ಈ ಪತ್ರವನ್ನು ನಾನೇ ಟೈಪ್ ಮಾಡುತ್ತಿದ್ದೇನೆ, ಒಂದೊಂದು ಅಕ್ಷರವನ್ನೂ ಫೋನು ಕನ್ನಡದಲ್ಲೇ ಓದಿ ಹೇಳುತ್ತಿದೆ.

2023ರ ಮೇ 10ರಂದು ವಿಧಾನಸಭೆ ಚುನಾವಣೆಗೆ ತಂಗಿಯನ್ನು ಜೊತೆಗೆ ಕರೆದುಕೊಂಡು ಹೋಗಿದ್ದೆ. 18 ತುಂಬಿದ ಯಾರನ್ನಾದರೂ ಒಳಗೆ ಕರೆದೊಯ್ಯಬಹುದು ಅಂತ ಚುನಾವಣೆ ನಡೆಸುವ ನಿಯಮಗಳ 49ಎನ್ ನಿಯಮವೇ ಹೇಳುತ್ತದೆ. ನಾನು ಹೆಸರು ಹೇಳಿದೆ, ಅವಳು ಗುಂಡಿ ಒತ್ತಿದಳು. ಅವಳ ಎಡಗೈ ಬೆರಳಿಗೆ ಅವಳ ಓಟಿನ ಶಾಯಿ, ಬಲಗೈ ಬೆರಳಿಗೆ ನನ್ನ ಜೊತೆ ಬಂದಿದ್ದಕ್ಕೆ ಇನ್ನೊಂದು. ಮಾರನೇ ದಿನ ಆಫೀಸಿನಲ್ಲಿ ‘ಏನಮ್ಮ, ಎರಡೆರಡು ಓಟು ಹಾಕಿ ಬಂದ್ಯಾ’ ಅಂತ ನಕ್ಕರಂತೆ. ನಮ್ಮಿಬ್ಬರ ಪಕ್ಷ ಬೇರೆ ಬೇರೆ, ಊಟಕ್ಕೆ ಕೂತರೆ ಅದೇ ಜಗಳ. ಆದರೂ ಅವಳು ಮೋಸ ಮಾಡುವವಳಲ್ಲ, ಅದು ನನಗೆ ಗೊತ್ತು. ಆದರೆ ಗುಟ್ಟಾಗಿ ಹಾಕಬೇಕಾದ ಓಟು ಯಾರಿಗೆ ಅಂತ ಅವಳಿಗೂ ಗೊತ್ತಾಯಿತಲ್ಲ.

ಅದಕ್ಕೇ 2024ರ ಏಪ್ರಿಲ್ 26ಕ್ಕೆ, ಲೋಕಸಭೆ ಚುನಾವಣೆಗೆ, ಅವಳನ್ನು ಬಾಗಿಲಲ್ಲೇ ನಿಲ್ಲಿಸಿ ಒಬ್ಬನೇ ಒಳಗೆ ಹೋದೆ. ಅಭ್ಯರ್ಥಿಗಳ ಹೆಸರಿರುವ ಬ್ರೈಲ್ (ಬೆರಳಲ್ಲಿ ಓದುವ ಚುಕ್ಕಿ ಲಿಪಿ) ಮಾದರಿ ಹಾಳೆ ಕೊಡಿ ಅಂದೆ. ಅಲ್ಲಿದ್ದವರಿಗೆ ಅಂಥದ್ದೊಂದು ಬಂದಿದೆ ಅನ್ನುವುದೇ ನೆನಪಿರಲಿಲ್ಲ. ಚೀಲ ತಡಕಾಡಿದರು, ಕೊನೆಗೆ ಅರಗು, ದಾರದ ಕೆಳಗೆ ಸುರುಳಿ ಸುತ್ತಿಕೊಂಡು ಸಿಕ್ಕಿತು. ‘ಯಾಕ್ ಸಾರ್ ಇಷ್ಟು ಕಷ್ಟ, ತಂಗಿ ಒತ್ತಲ್ವಾ’ ಅಂದರು ಒಬ್ಬರು. ಅವರು ಕೆಟ್ಟವರಲ್ಲ. ಹಿಂದೆ ಸಾಲು ಗೊಣಗುತ್ತಿತ್ತು, ಅಷ್ಟೇ.

ಹಾಳೆಯಲ್ಲಿ ಹೆಸರು ಓದಿ, ಅದರ ನಂಬರು ನೆನಪಿಟ್ಟುಕೊಂಡು ಯಂತ್ರದ ಹತ್ತಿರ ಹೋಗಬೇಕು. ಯಂತ್ರದ ಮೇಲೆ ಗುಂಡಿಯ ಪಕ್ಕ ಬ್ರೈಲ್ ಅಂಕಿ ಮಾತ್ರ ಇರುತ್ತದೆ. ಬೆರಳಾಡಿಸಿದೆ, ನನ್ನ ನಂಬರು ಸಿಕ್ಕಿತು, ಒತ್ತಿದೆ. ಕಣ್ಣಿದ್ದವರಿಗೆ ಆಗ ಗುಂಡಿಯ ಪಕ್ಕ ಕೆಂಪು ದೀಪ ಕಾಣುತ್ತದೆ, ಆಮೇಲೆ ಓಟಿನ ಚೀಟಿ ಅಚ್ಚು ಹಾಕುವ ವಿವಿಪ್ಯಾಟ್ ಪೆಟ್ಟಿಗೆಯ ಗಾಜಿನ ಹಿಂದೆ ಹೆಸರು, ಚಿಹ್ನೆ ಇರುವ ಚೀಟಿ 7 ಸೆಕೆಂಡ್ ಕಾಣುತ್ತದೆ. ನನಗೆ ಸಿಕ್ಕಿದ್ದು ಉದ್ದನೆಯ ಒಂದು ಬೀಪ್. ಓಟು ಬಿತ್ತು ಅಂತ ಬೀಪ್ ಹೇಳುತ್ತದೆ, ಯಾರಿಗೆ ಬಿತ್ತು ಅಂತ ಹೇಳುವುದಿಲ್ಲ. ಯಾವ ಗುಂಡಿ ಒತ್ತಿದರೂ ಅದೇ ಬೀಪ್.

ತಮಾಷೆ ಏನೆಂದರೆ, ಎಲ್ಲ ವಿವಿಪ್ಯಾಟ್ ಚೀಟಿಗಳನ್ನೂ ಎಣಿಸಬೇಕು ಅನ್ನುವ ಬೇಡಿಕೆಯನ್ನು ಸುಪ್ರೀಂ ಕೋರ್ಟ್ ಒಪ್ಪದೆ ತೀರ್ಪು ಕೊಟ್ಟಿದ್ದು ಅದೇ ಏಪ್ರಿಲ್ 26ಕ್ಕೆ. ಸಂಜೆ ಟೀವಿಯಲ್ಲೆಲ್ಲ ಅದೇ ಚರ್ಚೆ. ಆ ಚೀಟಿ ನೋಡಲಿಕ್ಕೇ ಆಗದವರು ಏನು ಮಾಡಬೇಕು ಅನ್ನುವ ಮಾತನ್ನು ನಾನು ಕೇಳಿಸಿಕೊಂಡ ಯಾವ ಚಾನೆಲ್‌ನಲ್ಲೂ ಯಾರೂ ಎತ್ತಲಿಲ್ಲ.

ಬ್ರೈಲ್ ಇದೆಯಲ್ಲ ಅನ್ನಬಹುದು. ನನಗೆ ಬರುತ್ತದೆ, ಚಿಕ್ಕಂದಿನಲ್ಲೇ ಕಲಿತೆ. ಸಕ್ಕರೆ ಕಾಯಿಲೆಯಿಂದ ಐವತ್ತು ದಾಟಿದ ಮೇಲೆ ಕಣ್ಣು ಹೋದವರು ಆ ಚುಕ್ಕಿಗಳನ್ನು ಎಲ್ಲಿ ಕಲಿಯುತ್ತಾರೆ? ಮನೆಯಿಂದಲೇ ಓಟು ಹಾಕಬಹುದಲ್ಲ ಅಂತಲೂ ಕೇಳುತ್ತಾರೆ. 12ಡಿ ಫಾರಂ ಕೊಟ್ಟರೆ ಅಧಿಕಾರಿಗಳು ಮನೆಗೇ ಬರುತ್ತಾರೆ, ನಿಜ. ಆದರೆ ಅವರು ತರುವುದು ಕಾಗದದ ಮತಪತ್ರ. ಅದಕ್ಕೂ ನನಗೆ ಇನ್ನೊಬ್ಬರ ಕಣ್ಣೇ ಬೇಕು.

2025ರಲ್ಲಿ ಬಿಹಾರದಿಂದ ಶುರು ಮಾಡಿ ಯಂತ್ರದ ಮೇಲಿನ ಮತಪತ್ರದಲ್ಲಿ ಅಭ್ಯರ್ಥಿಗಳ ಬಣ್ಣದ ಫೋಟೋ, ದಪ್ಪ ಅಂಕಿ ತಂದಿರಿ. ಒಳ್ಳೆಯದಾಯಿತು. ಪೊರೆ ಬಂದಿರುವ ನಮ್ಮ ಅಮ್ಮನಂಥವರಿಗೆ ಅನುಕೂಲ. ಈಗ ಕಿವಿಯ ಕಡೆಗೂ ಸ್ವಲ್ಪ ಬನ್ನಿ.

ಯಂತ್ರಕ್ಕೆ ಒಂದು ಇಯರ್‌ಫೋನ್ ತೂತು ಕೊಡಿ. ಗುಂಡಿ ಒತ್ತಿದ ಮೇಲೆ ಚೀಟಿಯಲ್ಲಿ ಏನು ಅಚ್ಚಾಗಿದೆಯೋ ಅದನ್ನು ನನ್ನ ಕಿವಿಗೆ ಮಾತ್ರ ಹೇಳಲಿ. ಅಭ್ಯರ್ಥಿಗಳ ಹೆಸರು, ಚಿಹ್ನೆಯನ್ನು ಚುನಾವಣೆಗೆ ಮೊದಲೇ ವಿವಿಪ್ಯಾಟ್‌ಗೆ ತುಂಬುತ್ತೀರಿ. ಅದರ ಜೊತೆಗೇ ಹೆಸರಿನ ಧ್ವನಿಯನ್ನೂ ತುಂಬಬಹುದಲ್ಲ. ಇಂಟರ್ನೆಟ್ ಬೇಡ, ವೈಫೈ ಬೇಡ. ತೂತು ಇಟ್ಟರೆ ಯಾರಾದರೂ ಕೈಯಾಡಿಸಿಯಾರು ಅನ್ನುವ ಭಯ ಇದ್ದೇ ಇರುತ್ತದೆ, ಅದು ಸುಮ್ನೆ ತಳ್ಳಿಹಾಕುವ ಮಾತೂ ಅಲ್ಲ. ಹಾಗಾದರೆ ಧ್ವನಿ ಹೊರಗೆ ಬರಲಿ, ಏನೂ ಒಳಗೆ ಹೋಗದಿರಲಿ. ಅಂಥದ್ದನ್ನು ಮಾಡುವುದು ನಿಮ್ಮ ಎಂಜಿನಿಯರ್‌ಗಳಿಗೆ ಆಗದ ಕೆಲಸ ಅಂತ ನನಗಂತೂ ಅನ್ನಿಸುವುದಿಲ್ಲ. ಎಳನೀರು ಮಾರುವವರ ಗಾಡಿಯ ಮೇಲಿನ ಪುಟ್ಟ ಡಬ್ಬಿ ನಲವತ್ತು ರೂಪಾಯಿ ಬಂತು ಅಂತ ಕನ್ನಡದಲ್ಲಿ ಕೂಗುತ್ತದೆ. ಮಾತಾಡುವ ಎಟಿಎಂಗೆ ಇಯರ್‌ಫೋನ್ ಸಿಕ್ಕಿಸಿ ನಾನು ಒಬ್ಬನೇ ದುಡ್ಡು ತೆಗೆಯುತ್ತೇನೆ.

ಇದು ದಾನ ಕೇಳಿದಂತೆ ಅಲ್ಲ ಸಾರ್. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 11ನೇ ಕಲಂ, ಮತಗಟ್ಟೆ ಮಾತ್ರ ಅಲ್ಲ, ಚುನಾವಣೆಗೆ ಬಳಸುವ ಸಾಮಗ್ರಿಯೂ ನಮಗೆ ಅರ್ಥವಾಗುವಂತೆ, ಬಳಸಲು ಆಗುವಂತೆ ಇರಬೇಕು ಅನ್ನುತ್ತದೆ. ಇಳಿಜಾರು ಹಾಕಿದ್ದೀರಿ, ವೀಲ್‌ಚೇರ್ ಇಟ್ಟಿದ್ದೀರಿ, ಅದಕ್ಕೆ ಥ್ಯಾಂಕ್ಸ್. ಯಂತ್ರದ ಮುಂದೆ ನಿಂತ ಮೇಲೆ ಕಾಯ್ದೆ ಮುಗಿಯುವುದಿಲ್ಲ.

ಈ ಯಂತ್ರಗಳನ್ನು ಮಾಡುವ ಎರಡು ಕಂಪನಿಗಳಲ್ಲಿ ಒಂದು ನಮ್ಮ ಬೆಂಗಳೂರಿನ ಬಿಇಎಲ್. ಒಂದೇ ಒಂದು ಯಂತ್ರಕ್ಕೆ ಇಯರ್‌ಫೋನ್ ಹಾಕಿ ನೋಡಿ, ಪರೀಕ್ಷೆಗೆ ನಮ್ಮಂಥವರನ್ನು ಕರೆಯಿರಿ. ಬಿಇಎಲ್ ಇರುವ ಜಾಲಹಳ್ಳಿ ತುಮಕೂರು ರಸ್ತೆಯ ಹತ್ತಿರವೇ ಇದೆ, ಬಸ್ಸು ಹತ್ತಿ ಬರ್ತೀನಿ. ತಂಗಿಗೆ ರಜೆ ಹಾಕಿಸುವುದಿಲ್ಲ.

ಇಂತಿ,
ತುಮಕೂರಿನ ಒಬ್ಬ ಮತದಾರ