ಗಿರಿಯ ಹುಲ್ಲುದಾರಿ ನಿಲ್ಲಿಸಿದ್ದೇವೆ: ನಮ್ಮ ಗ್ರಾಹಕರಿಗೊಂದು ಪತ್ರ

ಆತ್ಮೀಯರೇ,

ಒಬ್ಬೊಬ್ಬರಿಗೂ ವಾಟ್ಸಾಪಿನಲ್ಲಿ ಬೇರೆ ಬೇರೆ ಉತ್ತರ ಬರೆಯುವುದು ಇನ್ನು ನಮ್ಮ ಕೈಲಾಗದು. ಎಲ್ಲರಿಗೂ ಸೇರಿಸಿ ಇದೊಂದು ಪತ್ರ.

ಮುಳ್ಳಯ್ಯನಗಿರಿಯಿಂದ ಬಾಬಾಬುಡನ್‌ಗಿರಿ ಕಡೆಗೆ ಗುಡ್ಡದ ಬೆನ್ನ ಮೇಲೇ ಹೋಗುವ ಹುಲ್ಲುದಾರಿಯಲ್ಲಿ ಇನ್ನು ನಮ್ಮ ಅಂಗಡಿಯಿಂದ ಯಾರನ್ನೂ ಸೈಕಲ್ ಸವಾರಿಗೆ ಕರೆದುಕೊಂಡು ಹೋಗುವುದಿಲ್ಲ. ಮಳೆಗಾಲಕ್ಕೆಂದು ನಿಲ್ಲಿಸಿದ್ದನ್ನು ಮಳೆ ಬಿಟ್ಟ ಮೇಲೂ ಶುರು ಮಾಡುವುದಿಲ್ಲ. ಅದರ ಬದಲು ಎರಡು ಸವಾರಿ ಇವೆ. ಒಂದು, ಚಿಕ್ಕಮಗಳೂರು ಪೇಟೆಯಿಂದ ಕೈಮರ, ಸೀತಾಳಯ್ಯನಗಿರಿ ಹಾದು ಡಾಂಬರು ರಸ್ತೆಯಲ್ಲೇ ಗಿರಿ ಹತ್ತಿ ಇಳಿಯುವುದು. ಇನ್ನೊಂದು, ತಪ್ಪಲಿನ ಕಾಫಿ ತೋಟಗಳ ಒಳದಾರಿ. ದರ 1,800 ರೂಪಾಯಿ ಇದ್ದದ್ದು 2,200 ಆಗಿದೆ.

ಮೊದಲು ಕ್ಷಮೆ ಕೇಳಿಬಿಡುತ್ತೇವೆ. ಹುಲ್ಲುದಾರಿಗೆಂದೇ ಮುಂಗಡ ಕಟ್ಟಿದವರಿಗೆ ವಿಷಯ ಹೇಳಿದ್ದು ತಡವಾಯಿತು. ಇಬ್ಬರಂತೂ ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿ, ಬೆಳಗಿನ ಚಳಿಯಲ್ಲಿ ಅಂಗಡಿ ಬಾಗಿಲಿಗೆ ಬಂದು ನಿಂತ ಮೇಲೆ ತಿಳಿದುಕೊಂಡರು. ಅವರಿಗೆ ಕಾಫಿ ಕುಡಿಸಿ ಕಳಿಸಿದ ಮಾತ್ರಕ್ಕೆ ನಮ್ಮ ತಪ್ಪು ತೊಳೆದುಹೋಗಲಿಲ್ಲ. ಎಲ್ಲರ ಮುಂಗಡವೂ ಪೂರ್ತಿ ವಾಪಸ್ಸು ಬರುತ್ತದೆ. ಬೇರೆ ಸವಾರಿಗೆ ಜಮಾ ಮಾಡಿಕೊಳ್ಳಿ ಎನ್ನುವವರಿಗೆ ಹಳೆಯ ದರವೇ.

ಈಗ ಆ ಪ್ರಶ್ನೆ. ಫೋನಿನಲ್ಲಿ, ಅಂಗಡಿಯ ಬೆಂಚಿನ ಮೇಲೆ, ಒಂದು ಮದುವೆ ಮನೆಯ ಊಟದ ಪಂಕ್ತಿಯಲ್ಲೂ ಕೇಳಿಸಿಕೊಂಡದ್ದು: "ಗಿರಿಗೆ ದಿನಾ ಅಷ್ಟೊಂದು ಜೀಪು, ಕಾರು ಹೋಗ್ತವೆ. ಸೈಕಲ್‌ಗೆ ಹೊಗೆ ಇಲ್ಲ, ಸದ್ದಿಲ್ಲ. ಅದರಿಂದ ಏನು ಹಾಳಾಗತ್ತೆ ಮಾರಾಯ್ರೆ?"

ಇದೇ ಮಾತನ್ನು ನಾವೂ ಎಷ್ಟೋ ಸಲ, ಎದೆಯುಬ್ಬಿಸಿಕೊಂಡೇ ಹೇಳಿದ್ದೇವೆ. ಆದ್ದರಿಂದ ಕೇಳುವವರ ಮೇಲೆ ಸಿಟ್ಟಿಲ್ಲ. ಆದರೆ ಕಳೆದ ಆಗಸ್ಟಿನಲ್ಲಿ ಎರಡು ದಿನ ಮಳೆ ಹೊಳವಾದಾಗ ನಾವಿಬ್ಬರು ಸೈಕಲ್ ಬಿಟ್ಟು ನಡೆದುಕೊಂಡೇ ದಾರಿ ನೋಡಲು ಹೋದೆವು. ಎರಡನೇ ಇಳಿಜಾರು, ಎಲ್ಲರೂ ಕೂಗು ಹಾಕಿಕೊಂಡು ಇಳಿಯುತ್ತಿದ್ದಿರಲ್ಲ, ಅಲ್ಲಿ ಒಂದು ಕಾಲಕ್ಕೆ ಟೈರಿನಗಲದ ಗೆರೆ ಇತ್ತು. ಈಗ ಅದು ಚರಂಡಿ. ಬ್ಯಾಗಿನಲ್ಲಿದ್ದ ಕೈಪಂಪನ್ನು ಅದರೊಳಗೆ ನೆಟ್ಟಗೆ ನಿಲ್ಲಿಸಿದೆವು, ಮುಳುಗಿತು. ಅದರ ತಲೆಯ ಮೇಲೆ ಇನ್ನೂ ಅರ್ಧ ಪಂಪಿನಷ್ಟು ಜಾಗವಿತ್ತು. ತಳದಲ್ಲಿ ಮಣ್ಣೇ ಇಲ್ಲ, ಬರೀ ಕೆಂಪು ಕಲ್ಲು. ಎರಡೂ ಅಂಚಿನಿಂದ ಹುಲ್ಲಿನ ಬೇರು ಜೋತುಬಿದ್ದಿತ್ತು. ಆ ಚರಂಡಿ ತಪ್ಪಿಸಲು ಪಕ್ಕದಲ್ಲಿ ಮೂರು ಹೊಸ ಗೆರೆ. ಮೂರೂ ನಮ್ಮ ಸೈಕಲ್‌ಗಳವೇ. ಅಚ್ಚಾಗಿದ್ದ ಟೈರಿನ ಗುರುತು ನಮಗೆ ಗೊತ್ತಾಗದೆ ಇರುತ್ತದೆಯೇ?

ನಡೆಯುವವರಿಂದಲೂ ದಾರಿ ಸವೆಯುತ್ತದೆ. ಆದರೆ ಹೆಜ್ಜೆ ಬಿದ್ದಲ್ಲಿ ಬಿದ್ದು ನಡುವೆ ಜಾಗ ಬಿಡುತ್ತದೆ, ಚಕ್ರ ಬಿಡದೆ ಗೆರೆ ಎಳೆಯುತ್ತದೆ. ಇಳಿಯುವ ಮಳೆನೀರಿಗೆ ಅಂಥ ಗೆರೆಯೊಂದು ಸಿಕ್ಕರೆ ಸಾಕು. ಅದರ ಮೇಲೆ ಹಿಂದಿನ ಬ್ರೇಕ್ ಅದುಮಿ ಚಕ್ರ ಜಾರಿಸಿಕೊಂಡು ಇಳಿದರೆ ನೇಗಿಲು ಹೊಡೆದ ಹಾಗೆಯೇ. ಇಳಿಜಾರು ಹೊಲವನ್ನು ಅಡ್ಡ ಉಳಬೇಕು, ಉದ್ದಕ್ಕೆ ಉತ್ತರೆ ಮಣ್ಣು ಕೆರೆಗೆ ಹೋಗುತ್ತದೆ ಎಂದು ನಮ್ಮಪ್ಪಂದಿರಿಗೆ ಗೊತ್ತಿತ್ತು. ನಾವು ಗಿರಿಯನ್ನು ಉದ್ದಕ್ಕೆ ಉತ್ತಿದ್ದೇವೆ. ಜೀಪು ಓಡುವುದು ಡಾಂಬರಿನ ಮೇಲೆ, ಅದಕ್ಕೆ ಮೋರಿಯಿದೆ, ಚರಂಡಿಯಿದೆ. (ಜೀಪುಗಳ ಬಗ್ಗೆ ನಮಗೂ ಹೇಳಲಿಕ್ಕಿದೆ. ಅದು ಬೇರೆ ಜಗಳ.)

ಅಲ್ಲಿನ ಹುಲ್ಲು ಬೋಳುಗುಡ್ಡದ ಹುಲ್ಲಲ್ಲ. ಮೇಲೆ ಹುಲ್ಲು, ಕಣಿವೆಯ ಮಡಿಕೆಗಳಲ್ಲಿ ಶೋಲಾ ಕಾಡು. ಎರಡೂ ಸೇರಿ ಮಳೆ ಹಿಡಿದಿಟ್ಟುಕೊಂಡು ಬೇಸಿಗೆವರೆಗೆ ಸ್ವಲ್ಪಸ್ವಲ್ಪವೇ ಬಿಡುತ್ತವೆ. ಯಗಚಿ ಹುಟ್ಟುವುದು ಈ ಸಾಲಿನಲ್ಲೇ. ವೇದಾ, ಆವತಿ ಎರಡೂ ಇಲ್ಲೇ ಹುಟ್ಟಿ, ಮುಂದೆ ವೇದಾವತಿಯಾಗಿ ಹಿರಿಯೂರಿನ ವಾಣಿವಿಲಾಸ ಸಾಗರಕ್ಕೆ, ಅಂದರೆ ಮಾರಿಕಣಿವೆ ಅಣೆಕಟ್ಟಿಗೆ, ಸೇರುತ್ತವೆ. ಹಿರಿಯೂರಿನಿಂದ ತಪ್ಪದೆ ಬರುವ ನಮ್ಮ ಗೆಳೆಯರೇ ಅತಿ ಜೋರಾಗಿ ಜಗಳವಾಡಿದವರು, ಅದಕ್ಕೇ ಈ ಮಾತು: ನಿಮ್ಮ ಮಾರಿಕಣಿವೆಯ ನೀರಿನ ಒಂದು ತುದಿ ಆ ಚರಂಡಿಯ ಹತ್ತಿರವೇ ಇದೆ. 2022ರಲ್ಲಿ ನೀಲಕುರಿಂಜಿ ಅರಳಿದಾಗ ನೀವು ಫೋಟೋ ತೆಗೆಸಿಕೊಂಡ ಗಿಡಗಳ ನಡುವೆಯೇ ಆ ಮೂರು ಹೊಸ ಗೆರೆಗಳಲ್ಲೊಂದು ಹೋಗಿದೆ.

ಇನ್ನು "ಸದ್ದಿಲ್ಲ" ಎನ್ನುವುದು. ಅದೇ ತೊಂದರೆ. ಜೀಪು ಬರುವುದು ಮೈಲಿ ದೂರದಿಂದ ಕೇಳುತ್ತದೆ, ಪ್ರಾಣಿ ಸರಿದುಕೊಳ್ಳುತ್ತದೆ. ಮಾರ್ಚ್ ತಿಂಗಳ ಒಂದು ಬೆಳಗ್ಗೆ, ಮಂಜಿನಲ್ಲಿ, ನಮ್ಮ ಹುಡುಗನೊಬ್ಬ ತಿರುವು ದಾಟಿದರೆ ಎದುರಿಗೆ ಕಾಟಿ, ಅಂದರೆ ಕಾಡುಕೋಣ. ಹತ್ತು ಹೆಜ್ಜೆ ದೂರವೂ ಇಲ್ಲ. ಅದಕ್ಕೂ ಗಾಬರಿ, ಇವನಿಗೂ ಗಾಬರಿ. ಅದು ಶೋಲಾದ ಕಡೆ ತಿರುಗಿತು, ನಮ್ಮ ಪುಣ್ಯ. ಇವನ ಹಿಂದೆ ಆರು ಜನ ಗ್ರಾಹಕರಿದ್ದರು. ಅವರಿಗೆ ಇವತ್ತಿಗೂ ಗೊತ್ತಿಲ್ಲ. ಚೈನ್ ಕಳಚಿತು ಎಂದು ನಿಲ್ಲಿಸಿದ್ದೆವು.

ಅನುಮತಿಯ ವಿಷಯವನ್ನೂ ಮುಚ್ಚಿಡುವುದಿಲ್ಲ. ನಡೆದು ಹೋಗುವವರಿಗಿದ್ದ ಒಪ್ಪಿಗೆ ಚಕ್ರಕ್ಕೂ ಸೇರಿದ್ದು ಎಂದು ನಾವೇ ಅಂದುಕೊಂಡಿದ್ದೆವು. ಯಾರೂ ತಡೆಯಲಿಲ್ಲ, ನಾವೂ ಬರವಣಿಗೆಯಲ್ಲಿ ಕೇಳಲಿಲ್ಲ. ಮೀಸಲು ಅರಣ್ಯದ ಮಟ್ಟಿಗೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಹಾಗೆ ಅಂದುಕೊಳ್ಳಲು ಬಿಡುವುದಿಲ್ಲ. "ಹಾಗಾದ್ರೆ ಕುದುರೆಮುಖಕ್ಕೆ ಕರ್ಕೊಂಡ್ಹೋಗಿ" ಎನ್ನುವವರಿಗೂ ಇಲ್ಲೇ ಉತ್ತರ: ಅದು 1987ರಿಂದ ರಾಷ್ಟ್ರೀಯ ಉದ್ಯಾನ, ಶಿಖರದ ದಾರಿ ಅನುಮತಿ ಪಡೆದು ನಡೆಯುವವರಿಗೆ. ವಿದೇಶದ ಉದಾಹರಣೆ ಕೊಡುವವರೂ ಇದ್ದಾರೆ. ಅಲ್ಲಿ ಸೈಕಲ್‌ಗೆಂದೇ ದಾರಿ ಕಡಿಯುತ್ತಾರೆ, ಗುಡ್ಡಕ್ಕೆ ಅಡ್ಡಲಾಗಿ, ನೀರು ಹೊರಗೆ ಹರಿದುಹೋಗುವಂತೆ. ಅಮೆರಿಕದಲ್ಲಿ ಕಟ್ಟುನಿಟ್ಟಾಗಿ ಕಾದಿಟ್ಟ ಕಾಡುಗಳೊಳಗೆ 1984ರಿಂದ ಸೈಕಲ್‌ಗೆ ನೇರ ನಿಷೇಧವೇ ಇದೆ.

400 ರೂಪಾಯಿಯ ಲೆಕ್ಕಕ್ಕೆ ಬರೋಣ. "ದಾರಿ ಕಿತ್ಕೊಂಡು ದುಡ್ಡೂ ಜಾಸ್ತಿ ಮಾಡಿದ್ರಾ?" ಎಂದು ಕೇಳಿದವರು ನಮ್ಮ ಅಂಗಡಿ ಬರೀ ಶೆಡ್ಡಾಗಿದ್ದ ಕಾಲದಿಂದ ಬರುವವರು. ಅವರ ಬಾಯಲ್ಲಿ ಆ ಮಾತು ಬಂದದ್ದಕ್ಕೆ ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ತೋಟದ ದಾರಿಗೆ ಸೈಕಲ್ ಒಂದಕ್ಕೆ 250 ರೂಪಾಯಿ ತೋಟದವರಿಗೆ ಹೋಗುತ್ತದೆ. ಅವರ ಗೇಟು, ಅವರ ದಾರಿ, ಮಳೆಗೆ ಕೊಚ್ಚಿದ್ದನ್ನು ಸರಿಮಾಡುವವರೂ ಅವರ ಆಳುಗಳೇ, ಕೊಡುವುದು ನ್ಯಾಯ. ಗಿರಿ ರಸ್ತೆಗೆ ಹಿಂದಿನಿಂದ ಬರುವ ನಮ್ಮ ಪಿಕಪ್ ಗಾಡಿಗೂ 2025ರ ಸೆಪ್ಟೆಂಬರ್‌ನಿಂದ ಆನ್‌ಲೈನಿನಲ್ಲಿ ಮೊದಲೇ ಸಮಯ ಕಾದಿರಿಸಬೇಕು. ನಿಮ್ಮಲ್ಲೊಬ್ಬರು ತಡವಾಗಿ ಎದ್ದರೆ ಆ ಸಮಯ ತಪ್ಪಿ ಗಾಡಿ ಕೈಮರದ ಚೆಕ್‌ಪೋಸ್ಟಿನಲ್ಲೇ ಮಧ್ಯಾಹ್ನದವರೆಗೆ ಕಾಯುತ್ತದೆ, ಡ್ರೈವರ್ ಸಂಬಳ ಕಾಯುವುದಿಲ್ಲ.

ಅದಕ್ಕಿಂತ ದೊಡ್ಡ ಖರ್ಚು ಬ್ರೇಕು. ಗಿರಿಯ ತುದಿ 1,900 ಮೀಟರ್ ದಾಟಿದ್ದು, ಪೇಟೆ ಅದಕ್ಕಿಂತ ಸುಮಾರು 800 ಮೀಟರ್ ಕೆಳಗೆ. ಅಷ್ಟೂ ಎತ್ತರವನ್ನು ನೀವು ಇಳಿಯುವುದು ನಮ್ಮ ಬ್ರೇಕ್ ಪ್ಯಾಡಿನ ಮೇಲೆ. ಭದ್ರಾವತಿಯ ಕಾರ್ಖಾನೆಗೆ ಕೆಮ್ಮಣ್ಣುಗುಂಡಿಯಿಂದ ಕಬ್ಬಿಣದ ಅದಿರು ಕಳಿಸಿದ ಗುಡ್ಡಗಳಿವು. ಇಲ್ಲಿನ ಕೆಂಪು ಕೆಸರು ಪ್ಯಾಡಿಗೂ ಡಿಸ್ಕಿಗೂ ನಡುವೆ ಸೇರಿದರೆ ಅರ ಹಿಡಿದು ಉಜ್ಜಿದ ಹಾಗೆ. ಮಳೆ ವಾರಗಳಲ್ಲಿ ಹೊಸ ಪ್ಯಾಡು ಶನಿವಾರ ಹಾಕಿದರೆ ಸೋಮವಾರ ಸವೆದು ಹಿಂದಿನ ತಗಡು ಕಾಣುತ್ತದೆ. ಪ್ರತಿ ಸವಾರಿಗೆ ಮುಂಚೆ ಅದನ್ನು ಬಿಚ್ಚಿ ನೋಡುತ್ತೇವೆ. ಇದುವರೆಗೆ ಬ್ರೇಕ್ ಹಿಡಿಯದೆ ನಮ್ಮ ಗ್ರಾಹಕರು ಯಾರೂ ಬಿದ್ದಿಲ್ಲ. ಈ ಒಂದು ವಿಷಯದಲ್ಲಿ ನಮಗೆ ಜಂಬವಿದೆ, ಇರಲಿ ಬಿಡಿ.

ಸೈಕಲ್ ಮೇಲಿನ ಜಿಎಸ್‌ಟಿ 12ರಿಂದ ಶೇಕಡಾ 5ಕ್ಕೆ ಇಳಿದದ್ದು ನಮಗೂ ಗೊತ್ತು, ಪೇಪರಿನ ಫೋಟೋ ಕಳಿಸಿದವರಿಗೆಲ್ಲ ಧನ್ಯವಾದ. ನಮ್ಮ ಹದಿನಾಲ್ಕು ಸೈಕಲ್ ಬಂದದ್ದು ಹಳೆಯ ದರದಲ್ಲಿ. ಕಂತು ಇನ್ನೂ ಕಟ್ಟುತ್ತಿದ್ದೇವೆ.

ತೋಟದ ಸವಾರಿಗೆ ತೋಟದ ಪಂಚಾಂಗ ಅನ್ವಯಿಸುತ್ತದೆ. ಕೊಯ್ಲಿನ ದಿನಗಳಲ್ಲಿ ಕಣದ ಹತ್ತಿರ ಸುಳಿಯುವಂತಿಲ್ಲ. ಗಿಡಗಳಿಗೆ ಬೋರ್ಡೋ ಔಷಧಿ ಹೊಡೆಯುವಾಗ ಗೇಟು ಮುಚ್ಚಿರುತ್ತದೆ. ಹೂಮಳೆ ಬಿದ್ದು ಕಾಫಿ ಅರಳಿದಾಗ ಜೇನಿನ ಕಾಲ, ಆಗಲೂ ಒಳಗೆ ಬಿಡುವುದಿಲ್ಲ. ಆದರೆ ಅಂಚಿನ ರಸ್ತೆಯಲ್ಲಿ ಹೋದರೂ ಆ ಘಮ ಸಾಕು. ದತ್ತ ಜಯಂತಿಯ ದಿನಗಳಲ್ಲಿ ಗಿರಿ ರಸ್ತೆ ಪ್ರವಾಸಿಗರಿಗೆ ಬಂದ್ ಇರುವುದು ನಿಮಗೆ ಗೊತ್ತೇ ಇದೆ.

ತೋಟದ ದಾರಿ ಸಪ್ಪೆ ಎಂದು ಹೋಗದೆಯೇ ಹೇಳುವವರು ಒಮ್ಮೆ ಬನ್ನಿ. ಸಿಲ್ವರ್ ಓಕ್ ಎಲೆ ಹಾಸಿದ ತಿರುವಿನಲ್ಲಿ ಮುಂದಿನ ಚಕ್ರ ಹೇಗೆ ಜಾರುತ್ತದೆ ನೋಡಿ, ಆಮೇಲೆ ಮಾತಾಡೋಣ. ನಿಮ್ಮ ನಿಮ್ಮ ಸೀಟಿನ ಎತ್ತರ ಬರೆದಿಟ್ಟ ನೀಲಿ ನೋಟ್‌ಬುಕ್ ಹಾಗೇ ಇದೆ, ಯಾರ ಹೆಸರನ್ನೂ ಹೊಡೆದು ಹಾಕಿಲ್ಲ, ಜಗಳವಾಡಿದವರದ್ದನ್ನೂ. ಸ್ವಂತ ಸೈಕಲ್ ತರುವವರು ಟೈರು ತೊಳೆದುಕೊಂಡು ಬನ್ನಿ, ಬಯಲುಸೀಮೆಯ ಕಾಂಗ್ರೆಸ್ ಹುಲ್ಲಿನ ಬೀಜ ತೋಟದವರಿಗೆ ಬೇಡ. ಮರೆತರೆ ಅಂಗಡಿಯ ಹಿಂದೆ ನಲ್ಲಿಯಿದೆ. ಶನಿವಾರ, ಭಾನುವಾರ ಬೆಳಗ್ಗೆ ಐದೂವರೆಗೆ ಶಟರ್ ಎತ್ತಿರುತ್ತೇವೆ.

ಇಂತಿ,
ನಿಮ್ಮ ಸೈಕಲ್ ಅಂಗಡಿಯವರು
ಚಿಕ್ಕಮಗಳೂರು