ಅಳಿಯನಿಗೆ, ಹಳೆ ಕಾರಿನ ಆಯಿಲ್ ವಿಷಯ

ಬದಿಯಡ್ಕ

ಪ್ರೀತಿಯ ಅಳಿಯನಿಗೆ ಮಾವನ ಆಶೀರ್ವಾದ.

ನನ್ನ ಮಾರುತಿ 800 ನಿನ್ನ ಕೈಗೆ ಬಂದು ಮೂರು ತಿಂಗಳೂ ಆಗಿಲ್ಲ, ಆಗಲೇ ಅದಕ್ಕೆ ದಪ್ಪ ಆಯಿಲ್ ಹಾಕಿಸಲು ಹೊರಟಿದ್ದೀಯಂತೆ. ನಿನ್ನ ಅಮ್ಮ ಫೋನಿನಲ್ಲಿ ಹೇಳಿದಳು. ಹಳೇ ಗಾಡಿ, 20ಡಬ್ಲ್ಯೂ-50 ಹಾಕಿ ಅಂತ ಕಾಸರಗೋಡಿನಲ್ಲಿ ಯಾರೋ ಅಂದರಂತೆ. ಸ್ವಲ್ಪ ತಡಿ.

ಇದೇ ಮಾತು ಕೇಳಿ ನಾನೂ ಒಮ್ಮೆ ಹಾಕಿಸಿದ್ದೆ. ಆಗ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ನೀಲಿ ಹೊಗೆ ಬರುತ್ತಿತ್ತು. ದಪ್ಪ ಆಯಿಲ್ ಹಾಕಿದ ಮೇಲೆ ತುಸು ಕಡಿಮೆಯಾಯಿತು, ನಾನೂ ಖುಷಿಪಟ್ಟೆ. ಎರಡು ತಿಂಗಳಿಗೆ ಮತ್ತೆ ಶುರು. ಬಿಚ್ಚಿ ನೋಡಿದರೆ ವಾಲ್ವಿನ ಸುತ್ತ ಆಯಿಲ್ ಇಳಿಯದಂತೆ ತಡೆಯುವ ವಾಲ್ವ್ ಸೀಲಿನ ರಬ್ಬರ್ ಗಟ್ಟಿಯಾಗಿ ಕಲ್ಲಾಗಿತ್ತು. ರಾತ್ರಿಯಿಡೀ ಅಲ್ಲಿಂದ ಆಯಿಲ್ ಇಳಿದು ಬೆಳಿಗ್ಗೆ ಉರಿಯುತ್ತಿತ್ತು. ಸೀಲ್ ಬದಲಿಸಿದೆ, ಮತ್ತೆ ಮೊದಲಿನ 20ಡಬ್ಲ್ಯೂ-40 ಹಾಕಿದೆ, ಹೊಗೆ ನಿಂತಿತು. ಹೆಂಚು ಒಡೆದಲ್ಲಿ ಪಾತ್ರೆ ಇಟ್ಟ ಹಾಗಾಗಿತ್ತು ನನ್ನ ಉಪಾಯ.

ಹಾಗಾಗಿ ಮೊದಲು ಹೊಗೆ ಯಾವಾಗ ಬರುತ್ತದೆ ನೋಡು. ಬೆಳಿಗ್ಗೆ ಮಾತ್ರ ಆದರೆ ಸೀಲ್ ಮೇಲೆ ಅನುಮಾನ. ಚೆರ್ಕಳದ ಕಡೆ ಏರು ಹತ್ತುವಾಗ ಉದ್ದಕ್ಕೂ ಬಂದರೆ ಪಿಸ್ಟನ್ನಿನ ಸುತ್ತ ಇರುವ ರಿಂಗ್ ಸವೆದಿರಬಹುದು, ಆಯಿಲ್ ಮೇಲೆ ಬಾರದಂತೆ ತಡೆಯುವುದು ಅದೇ. ನಿಲ್ಲಿಸಿದಲ್ಲಿ ನೆಲಕ್ಕೆ ಕಪ್ಪು ಕಲೆ ಬಿದ್ದರೆ ಇಂಜಿನ್ ಭಾಗಗಳ ನಡುವಿನ ಗ್ಯಾಸ್ಕೆಟ್ ಎಲ್ಲೋ ಸೋರುತ್ತಿರಬಹುದು. ಇದೊಂದೂ ಇಲ್ಲದಿದ್ದರೆ ಸುಮ್ನೆ ಆಯಿಲ್‌ನ ಗ್ರೇಡ್, ಅಂದರೆ ದಪ್ಪ, ಬದಲಿಸಬೇಡ. ರಿಂಗ್ ಸವೆದು, ಇಂಜಿನ್ ಬಿಚ್ಚಲು ದುಡ್ಡಿಲ್ಲದಿದ್ದರೆ ಮಾತ್ರ ಒಂದು ಮೆಟ್ಟಿಲು ದಪ್ಪ ಹಾಕಬಹುದು. ಅದೂ ಸ್ವಲ್ಪ ದಿನ ನೂಕುವುದಕ್ಕೆ, ಅಷ್ಟೆ.

ಡಬ್ಬದ ಮೇಲಿನ ಅಂಕಿಗೆ ಹೆದರಬೇಡ. ಡಬ್ಲ್ಯೂ ಅಂದರೆ ವಿಂಟರ್, ಚಳಿಗಾಲ. ಅದರ ಮುಂಚಿನ ಅಂಕಿ ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದು. 20ಡಬ್ಲ್ಯೂವನ್ನು ಪರೀಕ್ಷಿಸುವುದು ಸೊನ್ನೆಗಿಂತ 15 ಡಿಗ್ರಿ ಕೆಳಗೆ. ಆ ಚಳಿ ನಮ್ಮ ಊರಿಗೆ ಯಾವ ಕಾಲದಲ್ಲೂ ಇಲ್ಲ, ಅಲ್ವಾ? ಹಿಂದಿನ ಅಂಕಿ, 40 ಅಥವಾ 50, ಆಯಿಲ್ 100 ಡಿಗ್ರಿ ಕಾದಾಗ ಎಷ್ಟು ದಪ್ಪ ಉಳಿಯುತ್ತದೆ ಅಂತ. ನಮಗೆ ಮುಖ್ಯ ಅದು. ನಿನ್ನ ಆಫೀಸಿನವರು ಹೊಗಳುವ 0ಡಬ್ಲ್ಯೂ-20 ಒಳ್ಳೆಯದೇ. ಆದರೆ ಅದು ಒಳಗಿನ ಭಾಗಗಳ ನಡುವಿನ ಸಂದು ಕಿರಿದಾದ ಹೊಸ ಇಂಜಿನ್‌ಗಳಿಗೆ. ನಮ್ಮ ಮುದುಕನಿಗೆ ಬೇಡ. ಬೈಕಿನ ಡಬ್ಬದ ಮೇಲೂ 20ಡಬ್ಲ್ಯೂ-40 ಅಂತ ಇರುತ್ತದೆ. ಅದು ಕ್ಲಚ್ ಆಯಿಲ್‌ನಲ್ಲೇ ಮುಳುಗಿರುವ ಗಾಡಿಗೆ ಮಾಡಿದ್ದು. ಪೆಟ್ರೋಲ್ ಕಾರಿನದ್ದೇ ಕೇಳಿ ತಗೋ.

ಮಳೆಗಾಲದಲ್ಲಿ ಎರಡು ಕಿಲೋಮೀಟರ್ ಓಡಿಸಿ ನಿಲ್ಲಿಸುತ್ತಾ ಇದ್ದರೆ ಆಯಿಲ್ ಮುಚ್ಚಳದ ಒಳಗೆ ಮಜ್ಜಿಗೆಯಂಥ ನೊರೆ ಕಟ್ಟುತ್ತದೆ, ನೀರಿನ ಪಸೆ ಅದು. ವಾರಕ್ಕೊಮ್ಮೆ ಬೇಕಲದವರೆಗಾದರೂ ಓಡಿಸು. ಆಮೇಲೂ ನೊರೆ ಹೋಗದಿದ್ದರೆ, ರೇಡಿಯೇಟರ್ ನೀರೂ ಇಳಿಯುತ್ತಿದ್ದರೆ, ಗಾಡಿ ಓಡಿಸಬೇಡ. ನನಗೆ ಫೋನ್ ಮಾಡು.

ಹಳೆ ಆಯಿಲ್ ತೋಡಿಗೆ ಚೆಲ್ಲಬೇಡ, ಗ್ಯಾರೇಜಿನವರಿಗೇ ಕೊಡು. ಗಾಡಿಯ ಪುಸ್ತಕ ಡ್ಯಾಶ್‌ಬೋರ್ಡಿನ ಗೂಡಿನಲ್ಲಿದೆ. ಯಾರು ಏನೇ ಹೇಳಲಿ, ಅದನ್ನು ಒಮ್ಮೆ ತೆರೆದು ನೋಡು. ಅದರ ಎಡೆಯಲ್ಲಿ ನಾನು ಅಡಿಕೆ ಮಾರಿದ ಚೀಟಿಗಳಿವೆ, ಬರುವಾಗ ತಾ.

ನಿನ್ನ ಮಾವ