ಅಕ್ಕ ಕ್ಯಾಟಲಿಸ್ಟ್ ಅಲ್ಲ

ಪ್ರೀತಿಯ ತಂಗಿ,

ನಿನ್ನ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಎರಡನೇ ಸಲ ಓದಿದ್ದು ಅಕ್ಕನ ಅಧ್ಯಾಯಕ್ಕೋಸ್ಕರ. ಪ್ರಕಾಶಕರನ್ನು ಹೇಗೆ ಹುಡುಕಬೇಕು, ಎಷ್ಟು ಪುಟ ಇರಬೇಕು, ದಿನಕ್ಕೆ ಎಷ್ಟು ಬರೆಯಬೇಕು ಅಂತೆಲ್ಲ ಕೇಳಿದ್ದೀಯ. ಅದನ್ನು ಯಾರು ಬೇಕಾದರೂ ಹೇಳುತ್ತಾರೆ, ಬಿಡು. ಕೊನೆಯಲ್ಲಿ "ಎಲ್ಲ ಹರಿದು ಹಾಕಿಬಿಡಲಾ" ಅಂತ ಕೇಳಿದ್ದೀಯಲ್ಲ, ಅದಕ್ಕೆ ಮಾತ್ರ ಉತ್ತರ ಕೊಡುತ್ತೇನೆ. ಹರಿಯಬೇಡ. ಒಂದು ಪದ ತೆಗೆದರೆ ಸಾಕು.

ಅಕ್ಕ ರಾತ್ರಿ ಹೊತ್ತು ಸೂಜಿಗೆ ದಾರ ಪೋಣಿಸುವ ಪುಟ ನೆನಪಿದೆಯಾ? ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿಕೊಂಡು, ದೀಪದ ಹತ್ತಿರ ಹಿಡಿದು, ಮತ್ತೆ ಮತ್ತೆ ತಪ್ಪಿ, ಕೊನೆಗೆ ನಿನ್ನನ್ನು ಎಬ್ಬಿಸದೆ ಹಾಗೇ ಕೂತುಬಿಡುತ್ತಾಳೆ. ಅದನ್ನು ಓದಿ ಸ್ವಲ್ಪ ಹೊತ್ತು ಮುಂದೆ ಹೋಗಲಾಗಲಿಲ್ಲ. ಪುಟ ತಿರುವಿದರೆ ನೀನು ಬರೆದಿದ್ದೀಯ: "ನನ್ನ ಬದುಕಿನ ಬದಲಾವಣೆಗೆ ಅಕ್ಕನೇ ಕ್ಯಾಟಲಿಸ್ಟ್ ಆದಳು." ನನಗೆ ಸಿಟ್ಟು ಬಂತು. ಅಷ್ಟು ಚೆನ್ನಾಗಿ ನೋಡಿದ ಕಣ್ಣು ಒಂದೇ ಪುಟದಲ್ಲಿ ಹೇಗೆ ಮುಚ್ಚಿಹೋಯಿತು?

ಇಂಗ್ಲಿಷಿನವರ ದಿನದ ಮಾತಿನಲ್ಲಿ ಕ್ಯಾಟಲಿಸ್ಟ್ ಅಂದರೆ ಬದಲಾವಣೆಗೆ ಕಾರಣವಾದ ವ್ಯಕ್ತಿ, ಇಲ್ಲವೇ ಘಟನೆ. ಒಂದು ಭಾಷಣ ಚಳವಳಿಗೆ ಕ್ಯಾಟಲಿಸ್ಟ್. ಒಂದು ಸುದ್ದಿ ಷೇರಿನ ಬೆಲೆ ಏರುವುದಕ್ಕೆ ಕ್ಯಾಟಲಿಸ್ಟ್. ನಿಘಂಟುಗಳೂ ಈ ಅರ್ಥವನ್ನು ಒಪ್ಪಿಕೊಂಡಿವೆ, ಹಾಗಾಗಿ ನಿನ್ನದು ತಪ್ಪು ಪ್ರಯೋಗ ಅಂತ ನಾನು ಹೇಳುತ್ತಿಲ್ಲ. ಪದಗಳು ಊರೂರು ಅಲೆಯುತ್ತವೆ. ಸ್ವೀಡನ್ನಿನ ಬರ್ಜೀಲಿಯಸ್ 1835ರಲ್ಲಿ ರಸಾಯನಶಾಸ್ತ್ರಕ್ಕೆ 'ಕ್ಯಾಟಲಿಸಿಸ್' ಅನ್ನುವ ಹೆಸರು ತಂದಾಗ ಅವನೂ ಅದನ್ನು ಗ್ರೀಕಿನಿಂದ ಎತ್ತಿಕೊಂಡಿದ್ದ. ಅಲ್ಲಿ ಅದಕ್ಕೆ ಬಿಚ್ಚುವುದು, ಕರಗಿಸುವುದು ಅಂತ ಅರ್ಥ. ನನ್ನ ತಕರಾರು ಬೇರೆ. ಆ ಪದದ ಹೊಟ್ಟೆಯಲ್ಲಿ ಏನಿದೆ ಅಂತ ನೋಡದೆ ಅದನ್ನು ನಿನ್ನ ಅಕ್ಕನ ತಲೆ ಮೇಲೆ ಇಟ್ಟೆಯಲ್ಲ, ಅದು.

ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದವನು. ಒಂದು ಪ್ರಯೋಗ ಈಗಲೂ ಕಣ್ಣ ಮುಂದಿದೆ. ಹೈಡ್ರೋಜನ್ ಪೆರಾಕ್ಸೈಡ್ ನೋಡೋಕೆ ನೀರಿನ ಹಾಗೇ. ಸುಮ್ನೆ ಇಟ್ಟರೂ ಅದು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತಲೇ ಇರುತ್ತದೆ, ಆದರೆ ಎಷ್ಟು ನಿಧಾನ ಅಂದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಅದಕ್ಕೆ ಒಂದು ಚಿಟಿಕೆ ಮ್ಯಾಂಗನೀಸ್ ಡೈಆಕ್ಸೈಡ್ ಹಾಕಬೇಕು, ಮಸಿಯಂಥ ಕಪ್ಪು ಪುಡಿ. ತಕ್ಷಣ ಬುಸ್ಸೆಂದು ನೊರೆ ಉಕ್ಕುತ್ತದೆ. ಆರುತ್ತಿರುವ ಕಡ್ಡಿಯನ್ನು ಕೊಳವೆಯ ಬಾಯಿಗೆ ಹಿಡಿದರೆ ಭಗ್ಗನೆ ಹತ್ತಿಕೊಳ್ಳುತ್ತದೆ. ಎಲ್ಲ ಮುಗಿದ ಮೇಲೆ ನಮ್ಮ ಮೇಷ್ಟ್ರು ಆ ಪುಡಿಯನ್ನು ಸೋಸಿ, ತೊಳೆದು, ಒಣಗಿಸಿ, ತೂಕ ಮಾಡಿಸಿದರು. ಹಾಕಿದಷ್ಟೇ ಇತ್ತು. ಹೋದ ಹಾಗೇ ವಾಪಸ್ ಬಂದಿತ್ತು.

ಅದು ಕ್ಯಾಟಲಿಸ್ಟ್. ಹಾಗಂತ ಪಕ್ಕದಲ್ಲಿ ನಿಂತು ನೋಡುವುದಲ್ಲ. ಕೆಲಸದಲ್ಲಿ ಸೇರುತ್ತದೆ, ಕಡಿಮೆ ಶಕ್ತಿಯಲ್ಲಿ ದಾಟಬಹುದಾದ ಬೇರೆ ದಾರಿ ತೋರಿಸುತ್ತದೆ, ಆಮೇಲೆ ಬಿಡಿಸಿಕೊಳ್ಳುತ್ತದೆ. ಆಗಲಾರದ್ದನ್ನು ಆಗಿಸುವ ಶಕ್ತಿ ಅದಕ್ಕಿಲ್ಲ. ಆಗುವುದನ್ನೇ ಬೇಗ ಆಗಿಸುತ್ತದೆ, ಅಷ್ಟೇ. ಈ ವಿಷಯದಲ್ಲಿ ಮಾಡಿದ ಕೆಲಸಕ್ಕೆ 1909ರಲ್ಲಿ ನೊಬೆಲ್ ಪಡೆದ ಓಸ್ಟ್‌ವಾಲ್ಡ್ ಒತ್ತಿ ಹೇಳಿದ್ದೂ ಇದನ್ನೇ, ವೇಗದ ಮಾತನ್ನು. ಕನ್ನಡದ 'ವೇಗವರ್ಧಕ' ಎಷ್ಟು ಪ್ರಾಮಾಣಿಕ ಪದ ನೋಡು. ವೇಗ ಹೆಚ್ಚಿಸುತ್ತದೆ ಅನ್ನುತ್ತದೆ, ಅದಕ್ಕಿಂತ ಜಾಸ್ತಿ ಏನನ್ನೂ ಹೇಳಿಕೊಳ್ಳುವುದಿಲ್ಲ.

ಈಗ ನಿನ್ನ ವಾಕ್ಯ ಮತ್ತೆ ಓದು. ಅಕ್ಕ ಇಲ್ಲದಿದ್ದರೂ ನೀನು ಓದುತ್ತಿದ್ದೆಯಾ, ಸ್ವಲ್ಪ ತಡವಾಗಿ? ಅವಳು ಹೋದ ಹಾಗೇ ವಾಪಸ್ ಬಂದಳಾ? ಓದು ಬಿಟ್ಟಳು, ಮದುವೆ ಮುಂದೂಡಿದಳು, ಕಣ್ಣು ಮಂಜು ಮಾಡಿಕೊಂಡಳು. ಇದನ್ನೆಲ್ಲ ನೀನೇ ಬರೆದಿದ್ದೀಯ. ಅವಳು ಉರಿದುಹೋದ ಎಣ್ಣೆ ಕಣಮ್ಮಾ. ತೂಕಕ್ಕೆ ಹಾಕಿದರೆ ಕಡಿಮೆ ಬರುವವಳು.

ಕ್ಯಾಟಲಿಸ್ಟೂ ಹಾಳಾಗುತ್ತದಲ್ಲ ಅಂತ ನೀನು ವಾದಿಸಬಹುದು. ನಿಜ. ಕಾರುಗಳ ಹೊಗೆ ಶುದ್ಧ ಮಾಡುವ ಪ್ಲಾಟಿನಂ ಮೇಲೆ ಪೆಟ್ರೋಲಿನ ಸೀಸ ಕೂತು ಅದನ್ನು ಕೊಲ್ಲುತ್ತಿತ್ತು. ಅದಕ್ಕೇ ಅಮೆರಿಕದಲ್ಲಿ 1975ರ ಮಾದರಿಯ ಕಾರುಗಳಿಗೆ ಸೀಸವಿಲ್ಲದ ಪೆಟ್ರೋಲ್ ಬೇಕಾಯಿತು. ಇದಕ್ಕೆ ವಿಷವೇರುವುದು ಅಂತಲೇ ಹೆಸರು. ಆ ಅರ್ಥದಲ್ಲಿ ಬರೆದಿದ್ದರೆ ನಿನ್ನ ಕೈ ಹಿಡಿದು ಮೆಚ್ಚುತ್ತಿದ್ದೆ. ಆದರೆ ನೀನು ಅದನ್ನು ಯೋಚಿಸಿರಲಿಲ್ಲ, ಅಲ್ವಾ? ಪದ ಕಿವಿಗೆ ಚೆನ್ನಾಗಿ ಕೇಳಿಸಿತು, ಹಾಕಿದೆ.

ಇಷ್ಟು ಖಾರವಾಗಿ ಬರೆಯುವುದಕ್ಕೆ ಕಾರಣ ಇದೆ. ನಾನೂ ಒಬ್ಬನಿಗೆ ಇದನ್ನೇ ಮಾಡಿದ್ದೇನೆ. ನನ್ನ ಗೆಳೆಯನೊಬ್ಬ ಸಣ್ಣ ಪತ್ರಿಕೆಯೊಂದನ್ನು ಏಳು ವರ್ಷ ನಡೆಸಿದ. ಸಂಬಳವೆಲ್ಲ ಅದಕ್ಕೇ ಹೋಯಿತು. ನಮ್ಮ ಕಥೆಗಳನ್ನೆಲ್ಲ ತಿದ್ದಿದ, ತನ್ನದನ್ನು ಬರೆಯಲೇ ಇಲ್ಲ. ಮುಂದೆ ನಾನೊಂದು ಲೇಖನದಲ್ಲಿ "ನಮ್ಮ ತಲೆಮಾರಿಗೆ ಅವನೇ ಕ್ಯಾಟಲಿಸ್ಟ್" ಅಂತ ಬರೆದೆ. ಸಂಪಾದಕರೊಬ್ಬರು ಆ ವಾಕ್ಯವನ್ನು ಸಭೆಯಲ್ಲಿ ಓದಿ ಹೊಗಳಿದರು. ಆ ಹೊಗಳಿಕೆಯನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಅದನ್ನು ಕೇಳಿಯೇ ನಾನು ಆ ವಾಕ್ಯವನ್ನು ಇನ್ನೊಂದು ಸಲ ನೋಡದೆ ಬಿಟ್ಟೆ. ಗೆಳೆಯ ಮಾತ್ರ ಮೆಲ್ಲಗೆ ಕೇಳಿದ: "ಕ್ಯಾಟಲಿಸ್ಟ್ ಅಂದ್ರೆ ಕೊನೇಲಿ ಹಾಗೇ ಉಳಿಯೋದು ಅಲ್ವೇನೋ?" ನನ್ನಲ್ಲಿ ಉತ್ತರ ಇರಲಿಲ್ಲ. ಲೇಖನ ಪುಸ್ತಕಕ್ಕೆ ಸೇರುವಾಗಲೂ ತಿದ್ದಲಿಲ್ಲ. ಈಗ ಅವನಿಲ್ಲ.

ನಿನ್ನ ಅಕ್ಕ ಇದ್ದಾಳಲ್ಲ. ಆ ವಾಕ್ಯ ಹೊಡೆದು ಹಾಕು. ಅದರ ಜಾಗಕ್ಕೆ ಇನ್ನೊಂದು ಪದ ಹುಡುಕಿಕೊಂಡು ಕೂರಬೇಡ. ಬೆಳಗಾದ ಮೇಲೆ ನೀನು ಎದ್ದೆಯಲ್ಲ, ಆಗ ಸೂಜಿ ಎಲ್ಲಿತ್ತು, ಅವಳು ಏನಂದಳು, ದಾರ ಪೋಣಿಸಿಕೊಟ್ಟೆಯಾ ಇಲ್ಲವಾ? ಅದನ್ನು ಬರೆದು ಕಳಿಸು. ಇನ್ನೊಂದು ವಿಷಯ ಇಡೀ ಹಸ್ತಪ್ರತಿಯಲ್ಲಿ ಎಲ್ಲೂ ಸಿಗಲಿಲ್ಲ. ಅವಳಿಗೆ ಕನ್ನಡಕ ಮಾಡಿಸಿದಿರಾ?

ಪ್ರೀತಿಯಿಂದ,
ನಿನ್ನ ಅಣ್ಣ